ಎಂಜಿನ್ ಟ್ಯೂನಿಂಗ್: ಕಾರಿನ ಪಿಕಪ್ ಹೆಚ್ಚಿಸುವ ಮುನ್ನ ಚದುರಂಗದ ಲೆಕ್ಕ ಏಕೆ ಬೇಕು?

2024ರ ಡಿಸೆಂಬರ್ 12. ಸಿಂಗಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ 14ನೇ ಹಾಗೂ ಕೊನೆಯ ಪಂದ್ಯ. ಅಂಕ 6.5–6.5ರ ಸಮಬಲ. ಚೀನಾದ ಡಿಂಗ್ ಲಿರೆನ್ ಎದುರಿಗೆ ಚೆನ್ನೈನ 18 ವರ್ಷದ ಡಿ. ಗುಕೇಶ್. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿಗೆ ಇತ್ತಾದರೂ ಪಂದ್ಯ ಡ್ರಾ ಕಡೆಗೇ ಸಾಗಿತ್ತು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಆನೆಗೆ ಆನೆ ಕೊಟ್ಟು ಆಟವನ್ನು ಸರಳ ಮಾಡಿಕೊಳ್ಳುವ ನಡೆ ಅದು. ಆದರೆ ಅವರ ಒಂಟೆ ಮೂಲೆಯ ಮನೆಯಲ್ಲಿ ಸಿಕ್ಕಿಕೊಂಡಿತ್ತು. ಆನೆಗಳು ಹೋದರೆ ಹಿಂದೆಯೇ ಒಂಟೆಗಳೂ ಹೋಗುತ್ತವೆ, ಉಳಿಯುವ ಕಾಲಾಳುಗಳ ಆಟದಲ್ಲಿ ಸೋಲು ಖಚಿತ. ಮತ್ತೆ ಮೂರು ನಡೆ ಮುಗಿಯುವಷ್ಟರಲ್ಲಿ ಡಿಂಗ್ ಸೋಲೊಪ್ಪಿದರು, ಗುಕೇಶ್ ವಿಶ್ವ ಚಾಂಪಿಯನ್ ಆದರು.

ಆ ನಡೆ ಮೇಲ್ನೋಟಕ್ಕೆ ಅಪಾಯಕಾರಿಯಾಗಿ ಕಾಣುತ್ತಿರಲಿಲ್ಲ. ತನ್ನ ನಡೆಯಿಂದ ತನಗೇನು ಸಿಗುತ್ತದೆ ಎಂಬುದಷ್ಟೇ ಅದರಲ್ಲಿತ್ತು. ಎದುರಾಳಿ ಏನು ಉತ್ತರ ಕೊಡಬಲ್ಲ ಎಂಬ ಇನ್ನೊಂದು ಪ್ರಶ್ನೆ ಆ ಕ್ಷಣಕ್ಕೆ ತಪ್ಪಿಹೋಗಿತ್ತು.

ಕಾರಿನ ಎಂಜಿನ್ ಟ್ಯೂನ್ ಮಾಡಿಸುವವರು ಸೋಲುವುದೂ ಬಹುತೇಕ ಇದೇ ರೀತಿ. ಮೊದಲ ದಿನ ಪಿಕಪ್ ಅದ್ಭುತ. ಮೊದಲ ತಿಂಗಳು ಗೆಳೆಯರಿಗೆಲ್ಲ ಒಂದೊಂದು ಸುತ್ತು. ಆಮೇಲೆ ಒಂದು ಮಧ್ಯಾಹ್ನ, ಬಿಸಿಲಲ್ಲಿ, ಘಾಟಿ ಏರುವಾಗ ಎಂಜಿನ್‌ನಿಂದ ಗೋಲಿ ಅಲುಗಾಡಿಸಿದಂಥ ಸದ್ದು. ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಮುರಿದಿರುತ್ತದೆ. ಟ್ಯೂನಿಂಗ್‌ಗೆ ಕೊಟ್ಟ ಹಣಕ್ಕಿಂತ ಹಲವು ಪಟ್ಟು ಹಣ ರಿಪೇರಿಗೆ ಹೋಗುತ್ತದೆ.

ಹಾಗೆಂದು ಟ್ಯೂನಿಂಗ್ ಎಂಬುದೇ ಮೋಸವಲ್ಲ. ಎಚ್ಚರದಿಂದ ಮಾಡಿದ ಟ್ಯೂನ್‌ನಲ್ಲಿ ವರ್ಷಗಟ್ಟಲೆ ಓಡುತ್ತಿರುವ ಕಾರುಗಳಿವೆ. ವ್ಯತ್ಯಾಸ ಇರುವುದು ಆಟ ಆಡುವ ರೀತಿಯಲ್ಲಿ.

ಟ್ಯೂನಿಂಗ್‌ನಲ್ಲಿ ನಿಜವಾಗಿ ಬದಲಾಗುವುದೇನು?

ಹಳೆಯ ಕಾರುಗಳಲ್ಲಿ ಟ್ಯೂನಿಂಗ್ ಎಂದರೆ ಕಾರ್ಬೊರೇಟರ್ ಸ್ಕ್ರೂ ತಿರುಗಿಸುವುದು, ಡಿಸ್ಟ್ರಿಬ್ಯೂಟರ್ ಸ್ವಲ್ಪ ಸರಿಸಿ ಕಿಡಿಯ ಸಮಯ ಹೊಂದಿಸುವುದು. ಈಗ ಆ ಕೆಲಸವೆಲ್ಲ ಇಸಿಯು ಎಂಬ ಕಂಪ್ಯೂಟರಿನ ಪಾಲು. ಅದರೊಳಗೆ ದೊಡ್ಡ ದೊಡ್ಡ ಕೋಷ್ಟಕಗಳಿರುತ್ತವೆ. ಒಂದು ಬದಿಗೆ ಎಂಜಿನ್ ವೇಗ, ಇನ್ನೊಂದು ಬದಿಗೆ ಎಂಜಿನ್ ಮೇಲಿನ ಹೊರೆ. ಎರಡೂ ಸೇರುವ ಚೌಕದಲ್ಲಿ ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು ಎಂಬ ಅಂಕಿ. ಈ ಅಂಕಿಗಳನ್ನು ಬದಲಿಸುವುದೇ ರೀಮ್ಯಾಪ್. ಚದುರಂಗದ ಹಾಸಿನಲ್ಲಿ 64 ಮನೆಗಳಿದ್ದರೆ ಇಲ್ಲಿ ಒಂದೊಂದು ಕೋಷ್ಟಕದಲ್ಲೇ ಅದಕ್ಕಿಂತ ಹೆಚ್ಚು.

ಮೂರು ಅಂಕಿಗಳೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಟರ್ಬೊ ಒತ್ತಡ ಹೆಚ್ಚಿಸಿದರೆ ಪೆಟ್ರೋಲ್ ಹೆಚ್ಚಿಸಬೇಕು, ಕಿಡಿಯನ್ನು ತುಸು ತಡ ಮಾಡಬೇಕು. ಕಿಡಿ ತಡವಾದರೆ ಸೈಲೆನ್ಸರ್ ಕಡೆ ಹೋಗುವ ಹೊಗೆ ಹೆಚ್ಚು ಬಿಸಿಯಾಗಿ ಟರ್ಬೊ ಕಾಯುತ್ತದೆ. ಒಂದೇ ಕಾಯಿ ನಡೆಸಿದರೂ ಹಾಸಿನ ಮೇಲಿನ ಎಲ್ಲ ಕಾಯಿಗಳ ಸಂಬಂಧ ಬದಲಾಗುವಂತೆ.

ಎದುರಾಳಿ ಪಕ್ಕದ ಲೇನ್‌ನ ಕಾರಲ್ಲ

ಬಹುಪಾಲು ಮಂದಿ ಟ್ಯೂನಿಂಗ್‌ನ ಎದುರಾಳಿ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಇನ್ನೊಂದು ಕಾರು ಅಂದುಕೊಳ್ಳುತ್ತಾರೆ. ನಿಜವಾದ ಎದುರಾಳಿ ಸಿಲಿಂಡರ್ ಒಳಗೇ ಇದೆ. ಅದರ ಹೆಸರು ನಾಕಿಂಗ್.

ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಬೆಂಕಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಡಬೇಕು. ಅದಕ್ಕೆ ಸಮಯ ಬೇಕು, ಆದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಈ ಸಮಯ ಎಷ್ಟು ಸಣ್ಣದೆಂದರೆ, 6,000 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ. ಕಿಡಿ ತೀರಾ ಮುಂಚೆ ಹಾರಿದರೆ, ಅಥವಾ ಒಳಗಿನ ಒತ್ತಡ ಮತ್ತು ಬಿಸಿ ಮಿತಿ ಮೀರಿದರೆ, ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ತಾನೇ ತಾನಾಗಿ ಸ್ಫೋಟಿಸುತ್ತದೆ. ಆ ಬಡಿತವೇ ನಾಕಿಂಗ್. ಒಂದೆರಡು ಬಾರಿಯಾದರೆ ಎಂಜಿನ್ ತಾಳಿಕೊಳ್ಳುತ್ತದೆ. ಜೋರಾಗಿ, ಸತತವಾಗಿ ಆದರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬೇರಿಂಗ್ ಯಾವುದಾದರೂ ಒಂದು ಹೋಗುತ್ತದೆ.

ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಸಣ್ಣ ಸೆನ್ಸರ್ ಒಂದು ಈ ಬಡಿತಕ್ಕೆ ಸದಾ ಕಿವಿಗೊಟ್ಟಿರುತ್ತದೆ. ಸದ್ದು ಕೇಳಿದ ಕೂಡಲೇ ಇಸಿಯು ಕಿಡಿಯನ್ನು ಹಿಂದಕ್ಕೆ ಸರಿಸುತ್ತದೆ, ಅಪಾಯ ತಪ್ಪುತ್ತದೆ. ಕಳಪೆ ಟ್ಯೂನ್‌ಗಳಲ್ಲಿ ನಡೆಯುವ ಅತಿ ಕೆಟ್ಟ ಕೆಲಸವೆಂದರೆ ಈ ಸೆನ್ಸರಿನ ಸೂಕ್ಷ್ಮತೆಯನ್ನೇ ತಗ್ಗಿಸುವುದು. ಕಾವಲುಗಾರನ ಕಿವಿಗೆ ಹತ್ತಿ ತುರುಕಿದ ಹಾಗೆ. ಪವರ್ ಗ್ರಾಫ್ ನೆಟ್ಟಗೆ ಮೇಲೇರುತ್ತದೆ, ಏಕೆಂದರೆ ಬೇಡ ಎನ್ನುವವರು ಯಾರೂ ಉಳಿದಿರುವುದಿಲ್ಲ.

ಇನ್ನೊಂದು ಅಗ್ಗದ ದಾರಿ ಟ್ಯೂನಿಂಗ್ ಬಾಕ್ಸ್. ಇಸಿಯುವನ್ನು ಮುಟ್ಟದೆ, ಸೆನ್ಸರ್ ಮತ್ತು ಇಸಿಯು ನಡುವೆ ಕೂತು ಸುಳ್ಳು ಹೇಳುವ ಪೆಟ್ಟಿಗೆ ಇದು. ಒತ್ತಡ ನಿಜಕ್ಕೂ ಇರುವುದಕ್ಕಿಂತ ಕಡಿಮೆ ಇದೆ ಎಂದು ಇದು ಹೇಳುತ್ತದೆ, ಇಸಿಯು ನಂಬಿ ಇನ್ನಷ್ಟು ಕೊಡುತ್ತದೆ. ಕಣ್ಣು ಕಟ್ಟಿಕೊಂಡು ಚೆಸ್ ಆಡುವ ಗ್ರ್ಯಾಂಡ್‌ಮಾಸ್ಟರ್‌ಗಳಿದ್ದಾರೆ ನಿಜ. ಆದರೆ ಎದುರಾಳಿಯ ನಡೆಯನ್ನು ಯಾರೋ ತಪ್ಪಾಗಿ ಓದಿ ಹೇಳುತ್ತಿದ್ದರೆ ಎಂಥ ಗ್ರ್ಯಾಂಡ್‌ಮಾಸ್ಟರ್ ಆದರೂ ಗೆಲ್ಲಲಾರ.

ಬಿಟ್ಟುಕೊಟ್ಟು ಗಟ್ಟಿಯಾಗುವ ಆಟ

ಚೆಸ್‌ನಲ್ಲಿ ‘ಪ್ರೊಫಿಲಾಕ್ಸಿಸ್’ ಎಂಬ ಮಾತಿದೆ. ವೈದ್ಯರ ಭಾಷೆಯಿಂದ ಬಂದ ಪದ, ಅರ್ಥ ಇಷ್ಟೇ: ರೋಗ ಬರುವ ಮುನ್ನವೇ ತಡೆ. ಆರನ್ ನಿಮ್ಜೊವಿಚ್ 1925ರಲ್ಲಿ ಪ್ರಕಟಿಸಿದ ‘ಮೈ ಸಿಸ್ಟಮ್’ ಪುಸ್ತಕ ಈ ವಿಚಾರವನ್ನು ಚೆಸ್ ಲೋಕದಲ್ಲಿ ನೆಲೆಗೊಳಿಸಿತು. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟಿಗ್ರಾನ್ ಪೆಟ್ರೊಸಿಯಾನ್ ಅದನ್ನೇ ತಮ್ಮ ಆಟದ ಜೀವಾಳ ಮಾಡಿಕೊಂಡರು. ಅವರನ್ನು ಸೋಲಿಸುವುದು ಬಹಳ ಕಷ್ಟವಾಗಿತ್ತು.

ಪೆಟ್ರೊಸಿಯಾನ್ ಅವರ ಒಂದು ನಡೆಯನ್ನು ಚೆಸ್ ಕಲಿಯುವವರಿಗೆ ಇಂದಿಗೂ ತೋರಿಸುತ್ತಾರೆ. 1953ರಲ್ಲಿ ಜ್ಯೂರಿಕ್‌ನಲ್ಲಿ ಸ್ಯಾಮುಯೆಲ್ ರೆಶೆವ್ಸ್ಕಿ ವಿರುದ್ಧದ ಪಂದ್ಯ. ಎದುರಾಳಿಯ ಕಾಲಾಳುಗಳು ನಡುಮನೆಯಲ್ಲಿ ಅಪಾಯಕಾರಿಯಾಗಿ ಬೆಳೆದಿದ್ದವು. 25ನೇ ನಡೆಯಲ್ಲಿ ಪೆಟ್ರೊಸಿಯಾನ್ ತಮ್ಮ ಆನೆಯನ್ನು ಎದುರಾಳಿಯ ಒಂಟೆ ಕಬಳಿಸಬಹುದಾದ ಇ6 ಮನೆಯಲ್ಲಿ ತಂದಿಟ್ಟರು! ಆನೆ ಕೊಟ್ಟು ಬದಲಿಗೆ ಅದಕ್ಕಿಂತ ಕಡಿಮೆ ಬೆಲೆಯ ಒಂಟೆ ಪಡೆದರು, ಆದರೆ ಅವರ ಕುದುರೆಗೆ ಕದಲಿಸಲಾಗದ ನೆಲೆ ಸಿಕ್ಕಿತು. ಪಂದ್ಯ ಡ್ರಾ ಆಯಿತು.

ಒಳ್ಳೆಯ ಟ್ಯೂನರ್ ಇಂಥ ಕೊಡುಕೊಳ್ಳುವಿಕೆಯನ್ನು ದಿನವೂ ಮಾಡುತ್ತಾರೆ. ಕಿಡಿಯ ಸಮಯವನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ತಂದಂತೆ ಎಂಜಿನ್ ಶಕ್ತಿ ಏರುತ್ತಾ ಹೋಗುತ್ತದೆ, ಆದರೆ ಒಂದು ಹಂತದ ನಂತರ ಗ್ರಾಫ್ ಬಹುತೇಕ ಚಪ್ಪಟೆಯಾಗುತ್ತದೆ. ಕೊನೆಯ ಎರಡು ಡಿಗ್ರಿಯಿಂದ ಸಿಗುವ ಲಾಭ ಚಾಲಕನಿಗೆ ಗೊತ್ತೂ ಆಗುವುದಿಲ್ಲ. ನಾಕಿಂಗ್ ಅಪಾಯ ಮಾತ್ರ ಅಲ್ಲಿಯೇ ಹೆಚ್ಚುವುದು. ಆ ಎರಡು ಡಿಗ್ರಿಯನ್ನು ಬಿಟ್ಟುಕೊಡುವುದು ಪೆಟ್ರೊಸಿಯಾನ್ ಆನೆ ಬಿಟ್ಟುಕೊಟ್ಟಂತೆಯೇ. ಗ್ರಾಫ್ ಮೇಲೆ ನಾಲ್ಕು ಬಿಎಚ್‌ಪಿ ಕಡಿಮೆ ಕಂಡೀತು, ಮೇ ತಿಂಗಳ ಹೈದರಾಬಾದ್ ಬಿಸಿಲಲ್ಲಿ ಎಂಜಿನ್ ಉಳಿಯುತ್ತದೆ.

ಪೆಟ್ರೋಲ್ ಮಿಶ್ರಣವೂ ಹೀಗೆಯೇ. ಶುದ್ಧ ಪೆಟ್ರೋಲ್‌ಗೆ ಲೆಕ್ಕದ ಪ್ರಕಾರ 14.7 ಭಾಗ ಗಾಳಿಗೆ ಒಂದು ಭಾಗ ಇಂಧನ ಸಾಕು. ಆದರೆ ಟರ್ಬೊ ಕಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಟ್ಯೂನರ್‌ಗಳು 12ರ ಆಸುಪಾಸಿಗೆ ಇಳಿಸುವುದು ವಾಡಿಕೆ. ಹೆಚ್ಚುವರಿ ಪೆಟ್ರೋಲ್ ಶಕ್ತಿ ಕೊಡುವುದಕ್ಕಿಂತ ಹೆಚ್ಚಾಗಿ ಒಳಗಿನ ಬಿಸಿ ಇಳಿಸುತ್ತದೆ.

ಬೆಂಗಳೂರಿನಲ್ಲಿ ಸರಿ ಇದ್ದದ್ದು ಮುಂಬೈನಲ್ಲಿ?

ಹೊರರಾಜ್ಯದ ಕನ್ನಡಿಗರಿಗೆ ಇದು ನೇರವಾಗಿ ತಟ್ಟುವ ವಿಷಯ. ಊರಿಗೆ ಬಂದಾಗ ಬೆಂಗಳೂರಿನಲ್ಲಿ ಕಾರು ಟ್ಯೂನ್ ಮಾಡಿಸಿ ಮುಂಬೈಗೋ ಚೆನ್ನೈಗೋ ಮರಳುವವರಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ.

ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರನ್ನು ಬೆಂಗಳೂರಿನ ಡೈನೊ ಮೇಲೆ, ಅಂದರೆ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ ಎಷ್ಟೇ ಓಡಿಸಿದರೂ ಅದು ಕೋಷ್ಟಕದ ಮೇಲ್ತುದಿಯ ಚೌಕಗಳನ್ನು ಮುಟ್ಟುವುದೇ ಇಲ್ಲ, ಅಷ್ಟು ಗಾಳಿ ಅಲ್ಲಿಲ್ಲ. ಕಾರು ಘಟ್ಟ ಇಳಿದು ಕರಾವಳಿ ಸೇರಿದಾಗ ಮೊದಲ ಬಾರಿಗೆ ಆ ಚೌಕಗಳಿಗೆ ಕಾಲಿಡುತ್ತದೆ. ಅಲ್ಲಿ ಯಾರೂ ಪರೀಕ್ಷಿಸದ ಅಂಕಿಗಳು ಕೂತಿರುತ್ತವೆ. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡ ಆರಂಭದ ನಡೆಗಳು ಮುಗಿದು, ಎದುರಾಳಿ ಹೊಸ ನಡೆ ಇಟ್ಟಾಗ ಆಟಗಾರ ತಡವರಿಸುವುದು ಹೀಗೆಯೇ.

ಟರ್ಬೊ ಕಾರಿನಲ್ಲಿ ಕಥೆ ತಿರುಗುಮುರುಗು. ಚೆನ್ನೈನಲ್ಲಿ ಟ್ಯೂನ್ ಮಾಡಿಸಿ 2,200 ಮೀಟರ್ ಎತ್ತರದ ಊಟಿಗೆ ಹೋದರೆ ಗಾಳಿಯ ಒತ್ತಡ ಸುಮಾರು ಕಾಲು ಭಾಗ ಇಳಿದಿರುತ್ತದೆ. ಕೇಳಿದ ಒತ್ತಡವನ್ನು ಕೊಡಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕು, ಗಾಳಿ ಇನ್ನಷ್ಟು ಬಿಸಿಯಾಗಿ ಬರುತ್ತದೆ. ಕಂಪನಿಯ ಮೂಲ ಟ್ಯೂನ್‌ನಲ್ಲಿ ಇದಕ್ಕೆಲ್ಲ ಮಿತಿಗಳಿರುತ್ತವೆ. ಆ ಮಿತಿಗಳನ್ನೇ ಎತ್ತಿಹಾಕಿದ್ದರೆ ಟರ್ಬೊ ತನ್ನ ಮಿತಿ ಮೀರಿ ತಿರುಗುತ್ತದೆ.

ಕಾರು ಕಂಪನಿಗಳು ಬೇಕೆಂದೇ ಶಕ್ತಿಯನ್ನು ಅಡಗಿಸಿಡುತ್ತವೆ ಎಂಬ ಮಾತನ್ನು ಟ್ಯೂನಿಂಗ್ ವ್ಯಾಪಾರದಲ್ಲಿ ಆಗಾಗ ಕೇಳಬಹುದು. ಅರ್ಧ ನಿಜ. ಅಡಗಿಸಿಟ್ಟದ್ದು ಈ ಎತ್ತರ, ಆ ಬಿಸಿಲು, ಸಣ್ಣ ಊರಿನ ಬಂಕ್‌ನ ಪೆಟ್ರೋಲ್ ಮತ್ತು ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸದ ಮಾಲೀಕ, ಇವರೆಲ್ಲರಿಗಾಗಿ ಇಟ್ಟ ಮೀಸಲು.

ಇ20 ಬಂದ ಮೇಲೆ ಹಾಸು ಬದಲಾಗಿದೆ

ಈಗ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಸುಲಭವಾಗಿ ನಾಕ್ ಆಗುವುದಿಲ್ಲ, ಟ್ಯೂನರ್‌ಗೆ ಇದು ಅನುಕೂಲವೇ. ಆದರೆ ಅದರಲ್ಲಿ ಶಕ್ತಿಯ ಅಂಶ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗದ ಎಥನಾಲ್ ಮಾರ್ಗಸೂಚಿಯೇ ಹೇಳಿದ ಪ್ರಕಾರ, ಶುದ್ಧ ಪೆಟ್ರೋಲ್‌ಗೆಂದು ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಇಂಧನ ದಕ್ಷತೆ ಶೇ. 6ರಿಂದ 7ರಷ್ಟು ಇಳಿಯಬಹುದು. ಮೈಲೇಜ್ ಹೆಚ್ಚಿಸುತ್ತೇವೆ ಎಂದು ರೀಮ್ಯಾಪ್ ಮಾರುವವರ ಮಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಲೆಕ್ಕವೂ ಬದಲಾಗುತ್ತದೆ. ಇ20ಕ್ಕೆ ಒಂದು ಭಾಗ ಇಂಧನಕ್ಕೆ ಬೇಕಾದ ಗಾಳಿ 14.7 ಅಲ್ಲ, ಸುಮಾರು 13.5 ಭಾಗ. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಬೇಕು. ಮೂಲ ಟ್ಯೂನ್‌ನಲ್ಲಿ ಇಂಜೆಕ್ಟರ್‌ಗಳಿಗೆ ಅಷ್ಟು ಅವಕಾಶ ಉಳಿದಿರುತ್ತದೆ. ಟ್ಯೂನ್ ಮಾಡುವಾಗ ಇಂಜೆಕ್ಟರ್‌ಗಳನ್ನು ಪೂರ್ತಿ ಬಳಸಿಬಿಟ್ಟಿದ್ದರೆ? ಆಗ ಬೇಕಾದಾಗ ಹೆಚ್ಚು ಕೊಡಲು ಏನೂ ಉಳಿದಿರುವುದಿಲ್ಲ. 100 ಆಕ್ಟೇನ್ ಪೆಟ್ರೋಲ್ ಹಾಕಿ ಮಾಡಿದ ಟ್ಯೂನ್ ಇನ್ನೂ ತಾಪತ್ರಯದ್ದು. ಅದು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಪುಣೆಯಿಂದ ಹುಬ್ಬಳ್ಳಿಗೆ ಹೊರಟವರು ದಾರಿಯಲ್ಲಿ ಟ್ಯಾಂಕ್ ಖಾಲಿಯಾದಾಗ ಸಿಕ್ಕ ಬಂಕ್‌ನಲ್ಲಿ ಸಿಕ್ಕಿದ್ದನ್ನೇ ತುಂಬಿಸುತ್ತಾರೆ.

ಕಡಿಮೆ ವೇಗದ ದೊಡ್ಡ ಅಪಾಯ

ಇಂದಿನ ಒಂದು ಲೀಟರ್, 1.2 ಲೀಟರ್‌ನ ಸಣ್ಣ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರು ಇದನ್ನು ಗಮನಿಸಬೇಕು. ರೀಮ್ಯಾಪ್ ಮಾಡಿಸುವವರಿಗೆ ಅತಿ ಇಷ್ಟವಾಗುವುದು ಕಡಿಮೆ ಆರ್‌ಪಿಎಂನಲ್ಲೇ ಕಾರು ಎಳೆಯುವ ರೀತಿ. ಗೇರ್ ಇಳಿಸದೆ ಲಾರಿ ದಾಟಬಹುದು! ಆದರೆ ನೇರ ಇಂಜೆಕ್ಷನ್ ಇರುವ ಟರ್ಬೊ ಎಂಜಿನ್‌ಗಳಲ್ಲಿ ಇದೇ ಪ್ರದೇಶದಲ್ಲಿ, ಸುಮಾರು 1,500ರಿಂದ 2,500 ಆರ್‌ಪಿಎಂ ನಡುವೆ ಹೆಚ್ಚು ಹೊರೆ ಬಿದ್ದಾಗ, ಕಿಡಿ ಹಾರುವ ಮುನ್ನವೇ ಮಿಶ್ರಣ ಹೊತ್ತಿಕೊಳ್ಳುವ ಕಾಯಿಲೆ ಇದೆ. ಸಿಲಿಂಡರ್ ಗೋಡೆಯಿಂದ ಸಿಡಿಯುವ ಆಯಿಲ್ ಹನಿಗಳು ಇದಕ್ಕೆ ಒಂದು ಮುಖ್ಯ ಕಾರಣ. ಮಾಮೂಲಿ ನಾಕಿಂಗ್‌ನಲ್ಲಿ ಕಿಡಿ ಹಿಂದೆ ಸರಿಸಿ ತಪ್ಪಿಸಿಕೊಳ್ಳಬಹುದು. ಇಲ್ಲಿ ಕಿಡಿಗೆ ಮೊದಲೇ ಎಲ್ಲ ಮುಗಿದಿರುತ್ತದೆ. ಒಂದೇ ಹೊಡೆತಕ್ಕೆ ಪಿಸ್ಟನ್ ಒಡೆಯಬಹುದು.

ಆಯಿಲ್ ಗುಣಮಟ್ಟದ ಅಮೆರಿಕದ ಎಪಿಐ ಮಾನದಂಡದಲ್ಲಿ 2018ರಲ್ಲಿ ‘ಎಸ್‌ಎನ್ ಪ್ಲಸ್’, 2020ರಲ್ಲಿ ‘ಎಸ್‌ಪಿ’ ಎಂಬ ಹೊಸ ದರ್ಜೆಗಳು ಬಂದದ್ದಕ್ಕೆ ಒಂದು ಮುಖ್ಯ ಕಾರಣ ಇದೇ ಸಮಸ್ಯೆ. ಆಯಿಲ್ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಈ ದರ್ಜೆ ಬರೆದಿರುತ್ತದೆ. ಎಚ್ಚರದ ಟ್ಯೂನರ್ ಟಾರ್ಕ್ ಅನ್ನು ಒಮ್ಮೆಲೇ 1,600ರಲ್ಲಿ ಸುರಿಯದೆ ನಿಧಾನವಾಗಿ ಏರಿಸುತ್ತಾರೆ. ಪಿಕಪ್ ಸಾಲದು ಎಂದು ಗ್ರಾಹಕ ಗೊಣಗಬಹುದು. ಗೊಣಗಲಿ.

ಇನ್ನು ಗೇರ್‌ಬಾಕ್ಸ್. ಚೆಸ್‌ನಲ್ಲಿ ಒಂದೇ ಕಾಯಿ ಎರಡು ಮೂರು ಕಡೆ ಕಾವಲು ಕಾಯುತ್ತಿದ್ದರೆ ಎದುರಾಳಿ ಹುಡುಕಿ ಹೊಡೆಯುವುದು ಅದನ್ನೇ. ಉದಾಹರಣೆಗೆ ಫೋಕ್ಸ್‌ವ್ಯಾಗನ್ ಸಮೂಹದ 1.5 ಲೀಟರ್ ಟಿಎಸ್‌ಐ ಎಂಜಿನ್ 250 ಎನ್‌ಎಂ ಟಾರ್ಕ್ ಕೊಡುತ್ತದೆ. ಭಾರತದಲ್ಲಿ ಅದರ ಜೊತೆ ಬರುವ ಏಳು ಗೇರ್‌ನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್‌ಗೆ ನಿಗದಿಯಾದ ಮಿತಿಯೂ 250 ಎನ್‌ಎಂ. ಎಂಜಿನ್ ಇನ್ನೂ ಐವತ್ತು ಎನ್‌ಎಂ ತಾಳಬಹುದು ಎಂಬುದು ನಿಜವೇ ಇದ್ದರೂ ಆ ಹೆಚ್ಚಿನ ಹೊರೆಯನ್ನು ಹೊರಬೇಕಾದದ್ದು ಕ್ಲಚ್. ಡೀಸೆಲ್ ಕಾರುಗಳಲ್ಲಿ ಮಾತು ಬೇರೆ: ಅಲ್ಲಿ ಹೊಗೆ, ಟರ್ಬೊ ಬಿಸಿ ಮತ್ತು ಕ್ಲಚ್ ಇವೇ ಮೊದಲು ಸೋಲುವುದು.

ಒಂದು ಬಾರಿಗೆ ಒಂದೇ ನಡೆ

ಎಚ್ಚರದ ಟ್ಯೂನಿಂಗ್ ನೋಡಲು ಬೇಸರದ ಕೆಲಸ. ಲ್ಯಾಪ್‌ಟಾಪ್ ತೆರೆಯುವ ಮೊದಲು ಕಂಪ್ರೆಷನ್ ಪರೀಕ್ಷೆ, ಸ್ಪಾರ್ಕ್ ಪ್ಲಗ್ ತೆಗೆದು ನೋಡುವುದು, ಕೂಲಿಂಗ್ ಸರಿ ಇದೆಯೇ ಎಂಬ ಪರಿಶೀಲನೆ. ಕಾಯಿಲೆ ಇರುವ ಎಂಜಿನ್‌ಗೆ ಟ್ಯೂನಿಂಗ್ ಮದ್ದಲ್ಲ. ಆಮೇಲೆ ಮೂಲ ಟ್ಯೂನ್‌ನಲ್ಲೇ ಡೈನೊ ಮೇಲೆ ಓಡಿಸಿ ದಾಖಲೆ. ನಂತರ ಒಂದು ಬದಲಾವಣೆ, ಒಂದು ಓಟ, ದಾಖಲೆ ಓದುವುದು. ಮತ್ತೆ ಒಂದು ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಕೊನೆಗೆ ಎಂಜಿನ್ ಚೆನ್ನಾಗಿ ಕಾದಿರುವಾಗ ಬಿಡುವಿಲ್ಲದೆ ನಾಲ್ಕೈದು ಓಟ, ಏಕೆಂದರೆ ತಣ್ಣಗಿನ ಎಂಜಿನ್‌ನ ಮೊದಲ ಓಟ ಸದಾ ಚೆಲುವಾಗಿಯೇ ಇರುತ್ತದೆ. ಮತ್ತೆ ರಸ್ತೆಯಲ್ಲಿ ಪರೀಕ್ಷೆ.

ಹದಿನೈದು ನಿಮಿಷದಲ್ಲಿ, ಕಾರಿನ ಡಯಾಗ್ನೊಸ್ಟಿಕ್ ಪೋರ್ಟ್‌ಗೆ ವೈರ್ ಚುಚ್ಚಿ ಸಿದ್ಧ ಫೈಲ್ ತುಂಬಿ ಕಳಿಸುವ ಕೆಲಸ ಇದಲ್ಲ. ಆ ಫೈಲ್ ಬೇರೆ ದೇಶದ ಪೆಟ್ರೋಲ್‌ಗೆ, ಬೇರೆ ಹವೆಗೆ ಬರೆದದ್ದಾಗಿರಬಹುದು. ಬೇರೆ ಯಾರದೋ ಪಂದ್ಯದ ನಡೆಗಳನ್ನು ತಮ್ಮ ಹಾಸಿನ ಮೇಲೆ ಇಟ್ಟಂತೆ.

ಹೋಲಿಕೆ ಒಂದು ಕಡೆ ಸೋಲುತ್ತದೆ ಎಂಬುದನ್ನೂ ಹೇಳಬೇಕು. ಚೆಸ್‌ನಲ್ಲಿ ಎದುರಾಳಿಯೂ ಮನುಷ್ಯ. ದಣಿಯುತ್ತಾನೆ, ತಪ್ಪುತ್ತಾನೆ, ಸಿಂಗಪುರದಲ್ಲಿ ಆದಂತೆ. ಬಿಸಿ ಮತ್ತು ಒತ್ತಡ ದಣಿಯುವುದಿಲ್ಲ. ಸೋತ ಪಂದ್ಯದ ಕಾಯಿಗಳನ್ನು ಮತ್ತೆ ಜೋಡಿಸಬಹುದು, ಒಡೆದ ಪಿಸ್ಟನ್ ಜೋಡಿಸಲಾಗದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಡೀಸೆಲ್ ಫಿಲ್ಟರ್ ಕಿತ್ತುಹಾಕಿಸುವುದಂತೂ ಸ್ಪಷ್ಟ ಉಲ್ಲಂಘನೆ.

ವಾರಂಟಿ ಇರುವ ಕಾರಾದರೆ ಇನ್ನೂ ಯೋಚಿಸಬೇಕು. ಮತ್ತೆ ಮೂಲ ಫೈಲ್ ಹಾಕಿಸಿದರೆ ಯಾರಿಗೂ ಗೊತ್ತಾಗದು ಎಂಬ ನಂಬಿಕೆ ಸಾಮಾನ್ಯ, ಆದರೆ ಹಲವು ಇಸಿಯುಗಳು ಎಷ್ಟು ಬಾರಿ ಫೈಲ್ ಬರೆಯಲಾಗಿದೆ ಎಂಬ ಲೆಕ್ಕವನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ಸಮಯದಲ್ಲಿ ತಕರಾರಿಗೆ ದಾರಿಯಾಗುತ್ತದೆ.

ಇಷ್ಟೆಲ್ಲ ತಿಳಿದೂ ಟ್ಯೂನ್ ಮಾಡಿಸುವುದೇ ಎಂದಾದರೆ ಟ್ಯೂನರ್ ಬಳಿ ಎಷ್ಟು ಬಿಎಚ್‌ಪಿ ಬರುತ್ತದೆ ಎಂದು ಮೊದಲು ಕೇಳಬೇಡಿ. ಯಾವ ಪೆಟ್ರೋಲ್‌ಗೆ ಹೊಂದಿಸುತ್ತೀರಿ, ನಾಕ್ ಸೆನ್ಸರ್ ಮುಟ್ಟುತ್ತೀರಾ, ಎತ್ತರ ಬದಲಾದರೆ ಏನಾಗುತ್ತದೆ, ಗೇರ್‌ಬಾಕ್ಸ್ ಮಿತಿ ಎಷ್ಟು ಎಂದು ಕೇಳಿ. ಓಟದ ದಾಖಲೆಗಳ ಪ್ರತಿ ಕೇಳಿ. ಕಾರಿನ ಮೂಲ ಫೈಲ್ ಅನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಮನೆಯಲ್ಲಿಡಿ, ಗ್ಯಾರೇಜ್ ನಾಳೆ ಇರುತ್ತದೋ ಇಲ್ಲವೋ. ಟ್ಯೂನ್ ಆದ ಮೇಲೆ ಆಯಿಲ್ ಮತ್ತು ಸ್ಪಾರ್ಕ್ ಪ್ಲಗ್ ಬದಲಿಸುವ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕು. ಕಾರು ಮಾರುವಾಗ ಕೊಳ್ಳುವವರಿಗೆ ಈ ವಿಷಯ ತಿಳಿಸಬೇಕು, ಏಕೆಂದರೆ ಮುಂದಿನ ಬಂಕ್‌ನಲ್ಲಿ ಯಾವ ಪೆಟ್ರೋಲ್ ಹಾಕಿಸಬೇಕೆಂದು ನಿರ್ಧರಿಸುವವರು ಅವರು.